ಕುಟುಂಬ ಕಂಪೆನಿಗಳ ಸಮಾಪನ: ‘ಪಾಲುಗಾರಿಕೆಯ ಸಾಮ್ಯ’ವನ್ನು ಕುರಿತು ಒಂದು ವಿಮರ್ಶೆ

೧

೧೯೧೬ನೆಯ ಇಸವಿಯಲ್ಲಿ ಲಂಡನ್ನಿನ ಎರಡು ನ್ಯಾಯಪೀಠಗಳಿಂದ ಎರಡು ತೀರ್ಪುಗಳು ಹೊರಬಿದ್ದುವು. ಒಂದು, ಹಿಂದೂಸ್ಥಾನದಿಂದ ಪ್ರಿವಿ ಕೌನ್ಸಿಲಿಗೆ ಹೋಗಿದ್ದ ಗಿರಿಜಾಬಾಯಿ ವಿರುದ್ಧ ಸದಾಶಿವ ಢುಂಡಿರಾಜ ಪ್ರಕರಣದ್ದು. ಅವಿಭಕ್ತ ಕುಟುಂಬದ ಸಹದಾಯಾದಿಯೊಬ್ಬನು ತಾನು ಬೇರೆಯಾಗಬೇಕೆಂಬ ಇಚ್ಛೆಯನ್ನು ಉಳಿದವರಿಗೆ ಸಂದೇಹಕ್ಕೆಡೆಯಿಲ್ಲದಂತೆ ತಿಳಿಸಿದರೆ ಸಾಕು, ಅವನು ವಿಭಕ್ತನಾಗುತ್ತಾನೆ. ಅದಕ್ಕೆ ಉಳಿದವರ ಒಪ್ಪಿಗೆ ಬೇಕಿಲ್ಲ ಎಂಬುದು ಆ ತೀರ್ಪಿನ ಸಾರ. ಮತ್ತೊಂದು, ಇಂಗ್ಲೆಂಡಿನ ಅಪೀಲು ನ್ಯಾಯಾಲಯ ಕೊಟ್ಟ ಯೆನಿಜೆ ಟೊಬ್ಯಾಕೊ ಕಂಪೆನಿಯ ತೀರ್ಪು. ಇಬ್ಬರೇ ಷೇರುದಾರರು, ಅವರೇ ನಿರ್ದೇಶಕರು, ಇಬ್ಬರಿಗೂ ಸಮಾನ ಅಧಿಕಾರ. ಇಬ್ಬರಿಗೂ ಮಾತು ನಿಂತುಹೋಗಿ, ಒಬ್ಬರು ಇನ್ನೊಬ್ಬರಿಗೆ ಹೇಳಬೇಕಾದುದನ್ನು ಕಂಪೆನಿಯ ಕಾರ್ಯದರ್ಶಿ ಹೊತ್ತು ತಿರುಗಬೇಕಾಯಿತು. ಒಂದು ವಿವಾದ ಮಧ್ಯಸ್ಥಿಕೆಗೆ ಹೋಗಿ ಅದಕ್ಕೇ ಸಾವಿರ ಪೌಂಡುಗಳಿಗೂ ಮೀರಿ ವೆಚ್ಚವಾಯಿತು. ಆದರೂ ವ್ಯಾಪಾರ ಲಾಭದಲ್ಲಿಯೇ ನಡೆಯುತ್ತಿತ್ತು. ಇದು ಹೆಸರಿಗೆ ಕಂಪೆನಿ, ವಾಸ್ತವವಾಗಿ ಪಾಲುಗಾರಿಕೆ. ಪಾಲುಗಾರಿಕೆಯಾಗಿದ್ದರೆ ಇಂಥ ಸ್ಥಿತಿಯಲ್ಲಿ ಅದನ್ನು ವಿಸರ್ಜಿಸುತ್ತಿದ್ದೆವು, ಆದುದರಿಂದ ಕಂಪೆನಿಯನ್ನೂ ಮುಚ್ಚಿಸತಕ್ಕದ್ದು ಎಂದು ನ್ಯಾಯಾಲಯ ತೀರ್ಮಾನಿಸಿತು.

ಈ ಎರಡು ತೀರ್ಪುಗಳೂ ನಮ್ಮ ಗ್ರಂಥಾಲಯಗಳಲ್ಲಿ ಬೇರೆ ಬೇರೆ ಕಪಾಟುಗಳಲ್ಲಿವೆ. ಹಿಂದೂ ನ್ಯಾಯವನ್ನು ಓದುವ ವಿದ್ಯಾರ್ಥಿ ಮೊದಲನೆಯದನ್ನು ಓದುತ್ತಾನೆ, ವಾಣಿಜ್ಯ ಶಾಸನವನ್ನು ಓದುವವನು ಎರಡನೆಯದನ್ನು. ಆದರೆ ಭಾರತದ ಕುಟುಂಬ ಕಂಪೆನಿಯಲ್ಲಿ ಈ ಎರಡು ಕಪಾಟುಗಳಿಗೂ ಸೇರಿದ ಜನರೇ ಇದ್ದಾರೆ. ಅಣ್ಣತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪಂದಿರು, ವಿಧವೆಯಾದ ಅತ್ತಿಗೆ, ಮದುವೆಯಾಗಿ ಹೋದ ಮಗಳು, ಇವರೇ ಅಲ್ಲಿ ಷೇರುದಾರರು. ಅವರ ಬಾಂಧವ್ಯ ಮುರಿದಾಗ ನ್ಯಾಯಾಲಯವು ಯಾವ ಅಳತೆಗೋಲಿನಿಂದ ಅಳೆಯಬೇಕು? ಇದುವರೆಗೆ ಅಳೆದುದು ಪಾಲುಗಾರಿಕೆಯ ಕೋಲಿನಿಂದ. ಆ ಕೋಲು ಈ ಸಂಸಾರಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

೨

ಮೊದಲು ಶಾಸನದ ಮಾತು. ಸಾಲ ತೀರಿಸಲಾರದ ಕಂಪೆನಿಯನ್ನು ಮುಚ್ಚಿಸುವುದು ಸಾಲಿಗರ ಹಿತಕ್ಕಾಗಿ. ಸಾಲವೇ ಇಲ್ಲದ, ಚೆನ್ನಾಗಿ ನಡೆಯುತ್ತಿರುವ ಕಂಪೆನಿಯನ್ನೂ, ಹಾಗೆ ಮಾಡುವುದು ‘ನ್ಯಾಯವೂ ಸಮಂಜಸವೂ’ ಎಂದು ಕಂಡುಬಂದರೆ, ಮುಚ್ಚಿಸುವ ಅಧಿಕಾರವನ್ನು ಶಾಸನವು ಬೇರೆಯಾಗಿ ಕೊಟ್ಟಿದೆ. ೧೯೫೬ರ ಕಂಪೆನಿ ಅಧಿನಿಯಮದಲ್ಲಿ ಇದು ೪೩೩ನೆಯ ಪ್ರಕರಣದ ಕೊನೆಯ ಉಪಖಂಡಗಳಲ್ಲಿತ್ತು; ೨೦೧೩ರ ಅಧಿನಿಯಮದಲ್ಲಿ ೨೭೧ನೆಯ ಪ್ರಕರಣಕ್ಕೆ ಬಂದಿದೆ. ಅಂದು ಉಚ್ಚ ನ್ಯಾಯಾಲಯ ಚಲಾಯಿಸುತ್ತಿದ್ದ ಅಧಿಕಾರವನ್ನು ಇಂದು ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಾಧಿಕರಣ ಚಲಾಯಿಸುತ್ತದೆ. ಯಾವುದು ನ್ಯಾಯ, ಯಾವುದು ಸಮಂಜಸ ಎಂಬುದನ್ನು ಶಾಸನ ಬಿಡಿಸಿ ಹೇಳಿಲ್ಲ. ಆ ಎರಡು ಪದಗಳಿಗೆ ಅರ್ಥ ತುಂಬಿದವರು ನ್ಯಾಯಮೂರ್ತಿಗಳು.

ಹಾಗೆ ತುಂಬಿದ ಅರ್ಥದಲ್ಲಿ ಅತ್ಯಂತ ಪ್ರಸಿದ್ಧವಾದುದು ಎಬ್ರಾಹಿಮಿ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ೧೯೭೨ರಲ್ಲಿ ಕೊಟ್ಟ ತೀರ್ಪು. ಪರ್ಷಿಯಾ ದೇಶದ ರತ್ನಗಂಬಳಿಗಳನ್ನು ಮಾರುತ್ತಿದ್ದ ಇಬ್ಬರು ಪಾಲುಗಾರರು ೧೯೫೮ರಲ್ಲಿ ತಮ್ಮ ವ್ಯಾಪಾರವನ್ನು ಕಂಪೆನಿಯಾಗಿ ಮಾರ್ಪಡಿಸಿದರು. ತಲೆಗೆ ೫೦೦ ಷೇರುಗಳು. ಸ್ವಲ್ಪಕಾಲದಲ್ಲಿ ಒಬ್ಬರ ಮಗನು ನಿರ್ದೇಶಕನಾಗಿ ಸೇರಿದನು. ಇಬ್ಬರೂ ನೂರು ನೂರು ಷೇರುಗಳನ್ನು ಅವನಿಗೆ ಬಿಟ್ಟುಕೊಟ್ಟರು. ಸ್ನೇಹವಿದ್ದಾಗ ಕೊಟ್ಟ ಆ ನೂರು ಷೇರುಗಳೇ ಮುಂದೆ ಎಬ್ರಾಹಿಮಿಯವರಿಗೆ ಮುಳುವಾದುವು. ೧೯೬೯ರಲ್ಲಿ ತಂದೆಮಕ್ಕಳು ತಮ್ಮ ೬೦೦ ಮತಗಳಿಂದ ಸಾಮಾನ್ಯ ನಿರ್ಣಯವೊಂದನ್ನು ಅಂಗೀಕರಿಸಿ ಅವರನ್ನು ನಿರ್ದೇಶಕಸ್ಥಾನದಿಂದ ತೆಗೆದುಹಾಕಿದರು. ಶಾಸನದ ದೃಷ್ಟಿಯಿಂದ ಇದರಲ್ಲಿ ತಪ್ಪಿರಲಿಲ್ಲ. ಆದರೆ ಆ ಕಂಪೆನಿಯಲ್ಲಿ ಲಾಭವನ್ನೆಲ್ಲ ನಿರ್ದೇಶಕರ ಸಂಭಾವನೆಯಾಗಿ ಹಂಚಿಕೊಳ್ಳುವ ರೂಢಿಯಿತ್ತು, ಲಾಭಾಂಶ ಕೊಡುತ್ತಿರಲಿಲ್ಲ. ಪದವಿ ಹೋದೊಡನೆ ವರಮಾನವೂ ಹೋಯಿತು. ಷೇರುಗಳನ್ನು ಮಾರೋಣವೆಂದರೆ ಅದಕ್ಕೆ ಉಳಿದ ನಿರ್ದೇಶಕರ ಅನುಮತಿ ಬೇಕು.

ಲಾರ್ಡ್ ವಿಲ್ಬರ್‌ಫೋರ್ಸ್ ಅವರು ಇಲ್ಲಿ ಹೇಳಿದ ತತ್ತ್ವ ಉದಾರವಾದುದು. ಕಂಪೆನಿ ಎಂಬ ಕಾನೂನಿನ ವ್ಯಕ್ತಿಯ ಹಿಂದೆ ನಿಜವಾದ ಮನುಷ್ಯರಿದ್ದಾರೆ. ಅವರು ಪರಸ್ಪರ ಇಟ್ಟುಕೊಂಡ ನಿರೀಕ್ಷೆಗಳೂ ಹೊಣೆಗಳೂ ನೋಂದಣಿಯ ಕಾಗದದೊಳಗೆ ಸಂಪೂರ್ಣವಾಗಿ ಕರಗಿಹೋಗುವುದಿಲ್ಲ ಎಂಬುದು ಅವರ ಅಭಿಪ್ರಾಯ. ಇಂಥ ನಿರೀಕ್ಷೆಗಳನ್ನು ಗಮನಿಸಲು ಸಾಮಾನ್ಯವಾಗಿ ಮೂರು ಲಕ್ಷಣಗಳಲ್ಲಿ ಒಂದಾದರೂ ಹೆಚ್ಚಾದರೂ ಇರಬೇಕೆಂದು ಅವರು ಸೂಚಿಸಿದರು: ಪರಸ್ಪರ ವಿಶ್ವಾಸದ ಮೇಲೆ ಕಟ್ಟಿದ ವೈಯಕ್ತಿಕ ಸಂಬಂಧ, ಎಲ್ಲರೂ ಅಥವಾ ಕೆಲವರು ಆಡಳಿತದಲ್ಲಿ ಭಾಗವಹಿಸತಕ್ಕದ್ದೆಂಬ ಒಡಂಬಡಿಕೆ, ಷೇರುಗಳ ವರ್ಗಾವಣೆಗೆ ಇರುವ ನಿರ್ಬಂಧ. ಎಬ್ರಾಹಿಮಿಯವರ ಮನವಿಯಂತೆ ಕಂಪೆನಿ ಸಮಾಪನಗೊಂಡಿತು. ಇಂಥ ಕಂಪೆನಿಯನ್ನು ಅರೆಪಾಲುಗಾರಿಕೆ ಎಂದು ಕರೆಯುವ ರೂಢಿ ದಾರಿತಪ್ಪಿಸಬಹುದು ಎಂಬ ಎಚ್ಚರಿಕೆಯನ್ನೂ ವಿಲ್ಬರ್‌ಫೋರ್ಸ್ ಅವರೇ ಕೊಟ್ಟಿದ್ದರು. ತೀರ್ಪನ್ನು ಉದ್ಧರಿಸುವವರು ತತ್ತ್ವವನ್ನು ನೆನೆಯುವಷ್ಟು ಈ ಎಚ್ಚರಿಕೆಯನ್ನು ನೆನೆಯುವುದಿಲ್ಲ.

೩

ಪಾಲುಗಾರಿಕೆಯ ಸಾಮ್ಯದ ಬಲವೂ ಮಿತಿಯೂ ಇಲ್ಲಿಯೇ ಕಾಣುತ್ತವೆ. ಯೆನಿಜೆಯ ಇಬ್ಬರು ವ್ಯಾಪಾರಿಗಳು ಒಬ್ಬರನ್ನೊಬ್ಬರು ಆರಿಸಿಕೊಂಡವರು. ಎಬ್ರಾಹಿಮಿಯವರೂ ತಮ್ಮ ಜೊತೆಗಾರರನ್ನು ಆರಿಸಿಕೊಂಡವರೇ. ವಿಶ್ವಾಸವಿಟ್ಟು ಕೂಡಿಕೊಂಡರು, ವಿಶ್ವಾಸ ಹೋದಾಗ ಅಗಲಿದರು. ಇಂಥಲ್ಲಿ ಪಾಲುಗಾರಿಕೆಯ ನ್ಯಾಯ ಚೆನ್ನಾಗಿ ಒಪ್ಪುತ್ತದೆ.

ಎರಡನೆಯ ತಲೆಮಾರಿನ ಮಾತೇ ಬೇರೆ. ದೊಡ್ಡಪ್ಪನ ಮಗನ ಮೇಲೆ ವಿಶ್ವಾಸವಿಟ್ಟು ಅವನೊಡನೆ ಷೇರುದಾರನಾದವನು ಯಾವನೂ ಇಲ್ಲ; ಹುಟ್ಟಿನಿಂದ ಅಥವಾ ಒಬ್ಬರ ಸಾವಿನಿಂದ ಅವನು ಷೇರುದಾರನಾದನು. ೧೯೩೨ರ ಪಾಲುಗಾರಿಕೆ ಅಧಿನಿಯಮದ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಪಾಲುಗಾರನೊಬ್ಬನ ಮರಣದಿಂದಲೇ ಪಾಲುಗಾರಿಕೆ ಮುಗಿಯುತ್ತದೆ. ಕಂಪೆನಿ ಮುಗಿಯುವುದಿಲ್ಲ. ಆದ್ದರಿಂದ ಸ್ಥಾಪಕರು ಗತಿಸಿದ ಮೇಲೆ ಉಳಿಯುವ ಸಂಬಂಧವನ್ನು ಪಾಲುಗಾರಿಕೆಗೆ ಹೋಲಿಸುವುದೆಂದರೆ, ಪಾಲುಗಾರಿಕೆಯು ಯಾವ ಘಟ್ಟದಲ್ಲಿ ಇಲ್ಲದಾಗುತ್ತಿತ್ತೋ ಆ ಘಟ್ಟದಿಂದಾಚೆಗೆ ಅದರ ನಿಯಮವನ್ನು ಎಳೆದಂತೆ. ಇದಲ್ಲದೆ ಷೇರುಗಳು ಪಿತ್ರಾರ್ಜಿತವಾಗಿ ಬರುತ್ತವೆ, ನಿರ್ದೇಶಕಪದವಿ ಬರುವುದಿಲ್ಲ. ವಿಧವೆಗೂ ಮಗಳಿಗೂ ಷೇರುಪತ್ರ ಕೈಸೇರುತ್ತದೆ. ಲಾಭವು ಸಂಭಾವನೆಯ ರೂಪದಲ್ಲಿ ಮೇಜಿನ ಆಚೆಗೇ ನಿಲ್ಲುತ್ತದೆ. ಅವರು ‘ಆಡಳಿತದಲ್ಲಿ ಭಾಗವಹಿಸುವ ಒಡಂಬಡಿಕೆ’ಯನ್ನು ತೋರಿಸಬೇಕೆಂದು ಕೇಳಿದರೆ ಎಲ್ಲಿಂದ ತೋರಿಸಬೇಕು?

ಇದಕ್ಕೆ ಹಳೆಯ ನಿದರ್ಶನವೊಂದಿದೆ. ೧೯೨೪ರಲ್ಲಿ ಬಾರ್ಬಡೋಸ್ ದ್ವೀಪದಿಂದ ಪ್ರಿವಿ ಕೌನ್ಸಿಲಿಗೆ ಬಂದ ಲಾಕ್ ವಿರುದ್ಧ ಜಾನ್ ಬ್ಲ್ಯಾಕ್‌ವುಡ್ ಪ್ರಕರಣದಲ್ಲಿ ಅರ್ಜಿದಾರರು ಸ್ಥಾಪಕರಲ್ಲ. ಸ್ಥಾಪಕನ ಮರಣಾನಂತರ ಪಾಲು ಪಡೆದ ಬಂಧುಗಳು. ಆಡಳಿತವನ್ನು ಹಿಡಿದಿದ್ದವರು ಸಾಮಾನ್ಯ ಸಭೆ ಕರೆಯಲಿಲ್ಲ, ಲೆಕ್ಕಪತ್ರ ಒಪ್ಪಿಸಲಿಲ್ಲ, ಲಾಭಾಂಶ ಸೂಚಿಸಲಿಲ್ಲ. ಇವರನ್ನು ಕತ್ತಲಲ್ಲಿಟ್ಟು ಇವರ ಷೇರುಗಳನ್ನು ಕಡಿಮೆ ಬೆಲೆಗೆ ಕೊಳ್ಳುವ ಹವಣಿಕೆ ಅದು ಎಂದು ನ್ಯಾಯಪೀಠ ಕಂಡಿತು. ಕಂಪೆನಿ ಕುಟುಂಬದ್ದೇ ಎಂಬುದನ್ನು ಗಮನಿಸಿದರೂ, ಲಾರ್ಡ್ ಷಾ ಅವರ ತೀರ್ಪಿನ ತಳಹದಿ ನಿರ್ದೇಶಕರ ಪ್ರಾಮಾಣಿಕತೆಯ ಕೊರತೆಯೇ. ಮತದಲ್ಲಿ ಸೋತ ಅಸಮಾಧಾನ ಸಾಲದೆಂದೂ ಅವರು ಸ್ಪಷ್ಟಪಡಿಸಿದರು. ಅಂದರೆ ವಾರಸುದಾರರಿಗೆ ರಕ್ಷಣೆ ಸಿಕ್ಕಿದುದು ಅಪ್ರಾಮಾಣಿಕತೆ ಸಿದ್ಧವಾದ್ದರಿಂದ. ಅಪ್ರಾಮಾಣಿಕತೆಯಿಲ್ಲದ, ಬರಿಯ ಮನಸ್ಸು ಮುರಿದ ಮನೆಯಲ್ಲಿ ಅವರ ಗತಿಯೇನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

೪

ಭಾರತದ ಸರ್ವೋಚ್ಚ ನ್ಯಾಯಾಲಯವು ಪಾಲುಗಾರಿಕೆಯ ಸಾಮ್ಯವನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಹಿಂದ್ ಓವರ್‌ಸೀಸ್ ಪ್ರಕರಣದಲ್ಲಿ (೧೯೭೬) ನ್ಯಾಯಮೂರ್ತಿ ಗೋಸ್ವಾಮಿಯವರು, ನಮ್ಮ ಅಧಿನಿಯಮ ಇಂಗ್ಲಿಷ್ ಮಾದರಿಯದಾದರೂ ನಮ್ಮ ನ್ಯಾಯ ತನ್ನದೇ ಹಾದಿಯಲ್ಲಿ ಬೆಳೆಯುತ್ತಿದೆಯೆಂದು ಹೇಳಿ, ಹಲವು ಕುಟುಂಬಗಳೂ ಸ್ನೇಹಿತರೂ ಸೇರಿ ಕಟ್ಟಿದ ಕಂಪೆನಿಯಲ್ಲಿ, ಆಡಳಿತದಲ್ಲಿ ಭಾಗವಹಿಸುವ ಹಕ್ಕನ್ನು ಒಪ್ಪಿಕೊಂಡಿಲ್ಲದಿದ್ದರೆ, ಪಾಲುಗಾರಿಕೆಯ ವಿಸರ್ಜನೆಯ ತತ್ತ್ವಗಳನ್ನು ಧಾರಾಳವಾಗಿ ಅನ್ವಯಿಸಲಾಗದೆಂದು ತೀರ್ಮಾನಿಸಿದರು. ಸಮಾಪನವೆಂಬುದು ಕೊನೆಯ ಮದ್ದು. ಕಿಲ್ಪೆಸ್ಟ್ ಪ್ರಕರಣದಲ್ಲಿ (೧೯೯೬) ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಕಂಪೆನಿಯ ಅನುಕೂಲಗಳನ್ನು ಬಯಸಿ ಬುದ್ಧಿಪೂರ್ವಕವಾಗಿ ಅದನ್ನು ಕಟ್ಟಿದವರು ಅದರ ಕಟ್ಟುಪಾಡುಗಳಿಗೂ ತಲೆಬಾಗಬೇಕೆಂದು ಹೇಳಿತು.

ಎಚ್ಚರಿಕೆಯ ಮಾತು ಸರಿಯೇ. ನೌಕರರ ಅನ್ನ, ಊರಿನಲ್ಲಿ ಅಂಗಡಿಯ ಹೆಸರಿಗಿರುವ ಬೆಲೆ, ಸಾಲಿಗರ ಭದ್ರತೆ, ಇವೆಲ್ಲ ಸಮಾಪನದಲ್ಲಿ ಹರಾಜಿಗೆ ಬೀಳುತ್ತವೆ. ಆದರೆ ‘ಬುದ್ಧಿಪೂರ್ವಕವಾಗಿ ಕಟ್ಟಿದವರು’ ಎಂಬ ಕಾರಣ ಕಟ್ಟಿದವರಿಗೆ ಮಾತ್ರ ಸಲ್ಲುತ್ತದೆ. ಅವರ ಮೊಮ್ಮಕ್ಕಳು ಕಟ್ಟಿದವರಲ್ಲ.

ಇದರ ಪಕ್ಕದಲ್ಲಿ ರಂಗರಾಜ್ ವಿರುದ್ಧ ಗೋಪಾಲಕೃಷ್ಣನ್ ಪ್ರಕರಣವನ್ನು ಇಟ್ಟು ನೋಡಬೇಕು. ಅದು ವರದಿಗಳಲ್ಲಿ ಬಂದುದು ೧೯೯೨ರಲ್ಲಿ. ಇಬ್ಬರು ಸೋದರರ ಖಾಸಗಿ ಕಂಪೆನಿ. ಒಟ್ಟು ೫೦ ಷೇರುಗಳು, ಒಂದೊಂದು ಶಾಖೆಗೆ ೨೫. ಎರಡು ಶಾಖೆಗಳ ಪಾಲೂ ಎಂದೆಂದಿಗೂ ಸಮನಾಗಿರತಕ್ಕದ್ದು, ಯಾರಾದರೂ ಮಾರುವುದಾದರೆ ಮೊದಲು ತನ್ನ ಶಾಖೆಯವರಿಗೇ ಕೊಡತಕ್ಕದ್ದು ಎಂಬ ಬಾಯಿಮಾತಿನ ಒಪ್ಪಂದ ೧೯೫೧ರಿಂದಲೂ ಇತ್ತೆಂದು ವಾದ. ಒಬ್ಬನು ಆ ಮಾತನ್ನು ಮೀರಿ ಎದುರು ಶಾಖೆಗೆ ಮಾರಿದನು. ಅಂತರ್ನಿಯಮಾವಳಿಯಲ್ಲಿ ಬರೆದಿಲ್ಲದ ನಿರ್ಬಂಧವು ಕಂಪೆನಿಯನ್ನಾಗಲಿ ಷೇರುದಾರರನ್ನಾಗಲಿ ಕಟ್ಟಿಹಾಕದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿ, ಮಾರಾಟವನ್ನು ಎತ್ತಿಹಿಡಿಯಿತು.

ಈ ತೀರ್ಪನ್ನು ಎಬ್ರಾಹಿಮಿಯ ತತ್ತ್ವದೊಡನೆ ಕೂಡಿಸಿ ಓದಿದರೆ ಏನಾಗುತ್ತದೆ? ಮನೆಯವರು ಪರಸ್ಪರ ಕೊಟ್ಟುಕೊಂಡ, ಬರೆಯದೆ ಬಿಟ್ಟ ಮಾತನ್ನು ನಡೆಸಿಕೊಡಿರೆಂದು ಬೇಡಿದರೆ ನ್ಯಾಯಾಲಯ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಅದೇ ಮಾತು ಮುರಿದುಹೋದುದರಿಂದ ಕಂಪೆನಿಯನ್ನೇ ಮುಚ್ಚಿಸಿರೆಂದು ಬೇಡಿದರೆ ಕಿವಿಗೊಡುತ್ತದೆ. ಬದುಕಿಸಲು ಸಾಕ್ಷಿಯಾಗದ ಮಾತು ಕೊಲ್ಲಲು ಸಾಕ್ಷಿಯಾಗುತ್ತದೆ. ಎರಡು ತೀರ್ಪುಗಳ ಕಾನೂನಿನ ಆಧಾರಗಳು ಬೇರೆಯೆಂಬುದನ್ನು ನಾವು ಬಲ್ಲೆವು: ಒಂದು ಕರಾರಿನ ಪಾಲನೆಯ ವಿಷಯ, ಇನ್ನೊಂದು ವಿವೇಚನಾಧಿಕಾರದ ವಿಷಯ. ಆದರೆ ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತ ಷೇರುದಾರನಿಗೆ ಈ ಭೇದದಿಂದ ದೊರೆಯುವ ಉಪದೇಶ ಒಂದೇ: ಸಣ್ಣದನ್ನು ಕೇಳಬೇಡ, ಸರ್ವನಾಶವನ್ನೇ ಕೇಳು.

೫

ಶಾಸನಕರ್ತರು ಇದನ್ನು ಕಾಣದೆ ಇರಲಿಲ್ಲ. ೧೯೫೬ರ ಅಧಿನಿಯಮವು ೩೯೭ರಿಂದ ೪೦೨ರವರೆಗಿನ ಪ್ರಕರಣಗಳಲ್ಲಿ, ಇಂಗ್ಲೆಂಡಿನ ೧೯೪೮ರ ಅಧಿನಿಯಮದ ೨೧೦ನೆಯ ಪ್ರಕರಣದ ಮಾದರಿಯನ್ನು ವಿಸ್ತರಿಸಿ, ಕಂಪೆನಿಯನ್ನು ಮುಚ್ಚದೆಯೇ ಪರಿಹಾರ ಕೊಡುವ ದಾರಿಯನ್ನು ತೆರೆಯಿತು. ಒಬ್ಬರ ಷೇರುಗಳನ್ನು ಇನ್ನೊಬ್ಬರು ಕೊಳ್ಳಬೇಕೆಂದು ಆಜ್ಞಾಪಿಸುವ ಅಧಿಕಾರ ಅದರಲ್ಲಿ ಮುಖ್ಯವಾದುದು. ಇಂದು ಇದು ೨೦೧೩ರ ಅಧಿನಿಯಮದ ೨೪೧, ೨೪೨ನೆಯ ಪ್ರಕರಣಗಳಲ್ಲಿದೆ.

ಆದರೆ ಈ ದಾರಿಗೊಂದು ಬೀಗವಿದೆ. ದಬ್ಬಾಳಿಕೆಯನ್ನಾಗಲಿ ಪ್ರತಿಕೂಲವಾದ ನಡವಳಿಕೆಯನ್ನಾಗಲಿ ತೋರಿಸಿದರೆ ಸಾಲದು. ‘ನ್ಯಾಯವೂ ಸಮಂಜಸವೂ’ ಎಂಬ ಆಧಾರದ ಮೇಲೆ ಕಂಪೆನಿಯನ್ನು ಮುಚ್ಚಿಸಲು ಯೋಗ್ಯವಾದ ಸಂಗತಿಗಳಿದ್ದು, ಹಾಗೆ ಮುಚ್ಚುವುದು ಅರ್ಜಿದಾರರಿಗೆ ಅನ್ಯಾಯವಾಗುತ್ತದೆ ಎಂದೂ ಕಂಡುಬರಬೇಕು. ಸಾಯುವ ಯೋಗ್ಯತೆಯನ್ನು ಮೊದಲು ಸಿದ್ಧಪಡಿಸಿದವನಿಗೆ ಮಾತ್ರ ಚಿಕಿತ್ಸೆ. ಈ ಬೀಗವನ್ನು ತೆಗೆಯಬೇಕೆಂದು ಇಂಗ್ಲೆಂಡಿನಲ್ಲಿ ಜೆಂಕಿನ್ಸ್ ಸಮಿತಿ ೧೯೬೨ರಲ್ಲಿಯೇ ಸಲಹೆಮಾಡಿತು. ೧೯೮೦ರ ಅಧಿನಿಯಮದಲ್ಲಿ ಅಲ್ಲಿ ಅದು ತೆಗೆದೂಹೋಯಿತು. ನಮ್ಮ ೨೦೧೩ರ ಅಧಿನಿಯಮ ‘ಪ್ರತಿಕೂಲ’ ಎಂಬ ಹೊಸ, ವಿಶಾಲವಾದ ಪದವನ್ನು ಬಾಗಿಲಿಗೆ ಹಾಕಿ, ಹಳೆಯ ಬೀಗವನ್ನು ಹಾಗೆಯೇ ಉಳಿಸಿಕೊಂಡಿದೆ. ೨೦೨೧ರ ಮಾರ್ಚ್ ೨೬ರಂದು ಟಾಟಾ ಸನ್ಸ್ ಸಂಸ್ಥೆಯ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಬಂಧನೆಯ ಮಹತ್ವವನ್ನು ಎತ್ತಿತೋರಿಸಿ, ಅಲ್ಲಿ ಪಾಲುಗಾರಿಕೆಯ ಸಾಮ್ಯವನ್ನೂ ನಿರಾಕರಿಸಿತು. ಅಂಥ ಬೃಹತ್ ಸಂಸ್ಥೆಗೆ ಅದು ಒಪ್ಪಬಹುದು. ಆದರೆ ಅದೇ ಬೀಗವೇ ಎಣ್ಣೆಗಿರಣಿಯ ಇಬ್ಬರು ಅಣ್ಣತಮ್ಮಂದಿರ ಬಾಗಿಲಿಗೂ ಬಿದ್ದಿದೆ ಎಂಬುದನ್ನು ಮರೆಯಲಾಗದು.

೬

ಈಗ ನಾವು ಮೊದಲು ತೆರೆದ ಇನ್ನೊಂದು ಕಪಾಟಿಗೆ ಹಿಂದಿರುಗೋಣ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಹಿಂದೂಸ್ಥಾನದ ಬಹುಭಾಗಕ್ಕೆ ದಾಯಭಾಗದ ನ್ಯಾಯವನ್ನು ಒದಗಿಸಿತು. ಆ ನ್ಯಾಯದಲ್ಲಿ ಹುಟ್ಟಿನಿಂದ ಬಂದ ಹಕ್ಕಿಗೂ ಅಗಲುವ ಹಕ್ಕಿಗೂ ಒಂದು ಸಮತೂಕವಿದೆ. ಯಾರೂ ಆರಿಸಿಕೊಳ್ಳದೆ ಒಟ್ಟಾದ ಬದುಕಾದ್ದರಿಂದಲೇ, ಯಾರ ತಪ್ಪನ್ನೂ ಸಾಧಿಸದೆ ಬೇರೆಯಾಗುವ ಅವಕಾಶವನ್ನು ಅದು ಇಟ್ಟಿದೆ. ಪಾಲು ಕೇಳುವವನು ಯಜಮಾನನನ್ನು ವಂಚಕನೆಂದು ದೂರಬೇಕಾಗಿಲ್ಲ. ಪಾಲುಪಾರೀಕತ್ತು ಬರೆದ ಮೇಲೆ ಮನೆ ನಾಶವಾಗುವುದಿಲ್ಲ; ಒಂದು ಒಲೆಯಿದ್ದಲ್ಲಿ ಎರಡು ಒಲೆಗಳಾಗುತ್ತವೆ, ಅಷ್ಟೆ. ೨೦೦೫ರ ತಿದ್ದುಪಡಿಯ ಅನಂತರ ಹೆಣ್ಣುಮಕ್ಕಳೂ ಈ ಹಕ್ಕಿಗೆ ಸಮಾನವಾಗಿ ಸೇರಿದ್ದಾರೆ.

ಇದೇ ಕುಟುಂಬ ತನ್ನ ವ್ಯಾಪಾರವನ್ನು ಖಾಸಗಿ ಕಂಪೆನಿಯನ್ನಾಗಿ ಮಾಡಿದ ದಿನ ಏನಾಗುತ್ತದೆ? ತೆರಿಗೆಯ ಅನುಕೂಲಕ್ಕೋ ಬ್ಯಾಂಕಿನ ಸಾಲಕ್ಕೋ ಮಾಡಿದ ಆ ಮಾರ್ಪಾಡಿನಿಂದ, ಕಾರಣ ಹೇಳದೆ ಅಗಲುವ ಹಕ್ಕು ಸದ್ದಿಲ್ಲದೆ ಹೋಗಿಬಿಡುತ್ತದೆ. ಅದರ ಸ್ಥಾನದಲ್ಲಿ ಬರುವುದು ಪರರ ತಪ್ಪನ್ನು ಸಾಧಿಸುವ ಹೊರೆ. ನಮ್ಮ ನ್ಯಾಯಾಧಿಕರಣಗಳಲ್ಲಿ ಅಣ್ಣನು ತಮ್ಮನನ್ನು ವಂಚಕನೆಂದೂ ತಮ್ಮನು ಅಣ್ಣನನ್ನು ದಬ್ಬಾಳಿಕೆಗಾರನೆಂದೂ ಪುಟಗಟ್ಟಲೆ ಪ್ರಮಾಣಪತ್ರಗಳಲ್ಲಿ ಬರೆಯುವುದಕ್ಕೆ ಅವರ ದ್ವೇಷವೊಂದೇ ಕಾರಣವಲ್ಲ; ಹಾಗೆ ಬರೆಯದಿದ್ದರೆ ಬಾಗಿಲು ತೆರೆಯುವುದಿಲ್ಲ ಎಂಬುದೂ ಕಾರಣ. ಕಾನೂನೇ ಜಗಳವನ್ನು ಬೆಳೆಸುತ್ತದೆ.

ಇಲ್ಲಿ ಎರಡು ಆಕ್ಷೇಪಣೆಗಳನ್ನು ಎದುರಿಸಬೇಕು. ಕಂಪೆನಿಯ ಆಸ್ತಿ ಕಂಪೆನಿಯದೇ ಹೊರತು ಷೇರುದಾರರದಲ್ಲವೆಂದು ಬಾಚಾ ಗುಜ್ದರ್ ಪ್ರಕರಣದಲ್ಲಿ (೧೯೫೫) ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ; ಅದನ್ನು ಹೊಲದಂತೆ ಹಂಚಲು ಬರುವುದಿಲ್ಲ ಎಂಬುದು ಮೊದಲನೆಯದು. ಇದು ನಿಜ. ಆದರೆ ನಾವು ಸೂಚಿಸುವುದು ಆಸ್ತಿಯ ವಿಭಾಗವನ್ನಲ್ಲ, ಷೇರುಗಳ ನ್ಯಾಯವಾದ ಬೆಲೆ ಪಡೆದು ಅಗಲುವುದನ್ನು. ಎರಡನೆಯದು, ಬೇಕಾದಾಗ ಹೊರಡುವ ಹಕ್ಕನ್ನು ಕೊಟ್ಟರೆ ಬಂಡವಾಳಕ್ಕೆ ಸ್ಥಿರತೆಯಿರದು. ೧೯೯೯ರಲ್ಲಿ ಓನೀಲ್ ಪ್ರಕರಣದಲ್ಲಿ ಲಾರ್ಡ್ ಹಾಫ್‌ಮನ್ ಅವರು, ವಿಶ್ವಾಸ ಹೋಯಿತೆಂಬ ಒಂದೇ ಕಾರಣಕ್ಕೆ ತನ್ನ ಷೇರುಗಳನ್ನು ಕೊಳ್ಳಿರೆಂದು ಒತ್ತಾಯಿಸುವ ಹಕ್ಕು ಇಲ್ಲವೆಂದು ಇಂಥ ದೃಷ್ಟಿಯಿಂದಲೇ ಹೇಳಿದರು. ಈ ಆಕ್ಷೇಪಣೆಗೆ ತೂಕವಿದೆ. ಪಾಲುಗಳಿಂದ ಹೊಲಗಳು ಚೂರುಚೂರಾದುದನ್ನು ಕಂಡ ನಾವು ಅದನ್ನು ಅಲ್ಲಗಳೆಯಲಾರೆವು. ಆದ್ದರಿಂದ ಮಿತಾಕ್ಷರದ ನಿಯಮವನ್ನು ಇದ್ದಂತೆಯೇ ಕಂಪೆನಿಗೆ ಹೊದಿಸಬೇಕೆಂದು ನಾವು ಹೇಳುವುದಿಲ್ಲ. ಅದರ ವಿವೇಕವನ್ನು ಸಾಮ್ಯವಾಗಿ ತೆಗೆದುಕೊಳ್ಳಬಹುದು: ಆರಿಸಿಕೊಳ್ಳದೆ ಬಂದ ಸಂಬಂಧದಲ್ಲಿ ತಪ್ಪನ್ನು ಹುಡುಕುವುದಕ್ಕಿಂತ ದಾರಿಯನ್ನು ಹುಡುಕುವುದು ಮೇಲು.

ನಮ್ಮ ನ್ಯಾಯಾಲಯಗಳಿಗೆ ಇದು ಅಪರಿಚಿತವೂ ಅಲ್ಲ. ರಾಧಾರಮಣನ್ ಪ್ರಕರಣದಲ್ಲಿ (೨೦೦೮) ಕಂಪೆನಿಗೆ ತಂದೆಮಗ ಇಬ್ಬರೇ ಸದಸ್ಯರು, ಆಡಳಿತ ಗಂಟುಬಿದ್ದಿತ್ತು. ದಬ್ಬಾಳಿಕೆ ಸಿದ್ಧವಾಗಲೇಬೇಕೆಂದು ಹಟಹಿಡಿಯದೆ, ಒಬ್ಬರ ಷೇರುಗಳನ್ನು ಬೆಲೆಕಟ್ಟಿ ಇನ್ನೊಬ್ಬರಿಗೆ ಕೊಡಿಸುವ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಕಂಪೆನಿ ಉಳಿಯಿತು, ತಂದೆಮಕ್ಕಳು ಬೇರೆಯಾದರು. ಹೆಸರಿಲ್ಲದಿದ್ದರೂ ಇದು ಪಾಲೇ. ಆದರೆ ನ್ಯಾಯಾಲಯ ತನ್ನ ಒಳ್ಳೆಯ ಕಾರ್ಯಕ್ಕೆ ತಕ್ಕ ತತ್ತ್ವವನ್ನು ಇನ್ನೂ ಹೇಳಿಲ್ಲ. ವಿವೇಚನಾಧಿಕಾರವೆಂಬ ಮಾತಿನಲ್ಲಿಯೇ ನಿಂತಿದೆ. ತತ್ತ್ವವಿಲ್ಲದ ವಿವೇಚನೆಯನ್ನು ಮುಂದಿನ ಪೀಠವು ಅನುಸರಿಸಲೂಬಹುದು, ಬಿಡಲೂಬಹುದು.

೭

ಇಷ್ಟು ವಿವೇಚನೆಯಿಂದ ನಾವು ಮುಟ್ಟುವ ನಿರ್ಣಯಗಳು ಮೂರು. ಪಾಲುಗಾರಿಕೆಯ ಸಾಮ್ಯವನ್ನು ಸ್ಥಾಪಕರ ತಲೆಮಾರಿಗೆ ಸೀಮಿತಗೊಳಿಸಿ, ವಾರಸುದಾರರ ವಿಷಯದಲ್ಲಿ ವಿಭಾಗದ ಸಾಮ್ಯವನ್ನು ನ್ಯಾಯಾಲಯಗಳು ಪರಿಗಣಿಸತಕ್ಕದ್ದು. ಎರಡನೆಯದಾಗಿ, ೨೪೨ನೆಯ ಪ್ರಕರಣದಲ್ಲಿ ಸಮಾಪನದ ಬೀಗವನ್ನು, ಕಡೆಯಪಕ್ಷ ಖಾಸಗಿ ಕಂಪೆನಿಗಳ ಮಟ್ಟಿಗಾದರೂ, ಶಾಸನಸಭೆ ತೆಗೆದುಹಾಕತಕ್ಕದ್ದು. ಮೂರನೆಯದು ಕುಟುಂಬಗಳಿಗೇ ಸಂಬಂಧಿಸಿದುದು: ಅಗಲುವ ದಾರಿಯನ್ನೂ ಬೆಲೆಕಟ್ಟುವ ಕ್ರಮವನ್ನೂ ಒಟ್ಟಿಗಿರುವಾಗಲೇ ಅಂತರ್ನಿಯಮಾವಳಿಯಲ್ಲಿ ಬರೆದಿಡಬೇಕು. ರಂಗರಾಜ್ ತೀರ್ಪಿನ ಅನಂತರ ಬಾಯಿಮಾತನ್ನು ನಂಬಿ ಕೂರುವುದು ತರವಲ್ಲ.

ನಮ್ಮ ವಿದ್ಯಾರ್ಥಿಗಳು ಈ ಪ್ರಕರಣಗಳನ್ನು ಪರೀಕ್ಷೆಗಾಗಿ ಒಂದೊಂದು ಸಾಲಿನ ಸೂತ್ರಗಳಾಗಿ ಕಲಿಯುತ್ತಾರೆ. ಅವರಲ್ಲಿ ಅನೇಕರು ಇಂಥ ಮನೆಗಳಿಂದಲೇ ಬಂದವರು. ನಾಳೆ ಅರ್ಜಿದಾರರೋ ಎದುರುದಾರರೋ ಆಗಬಹುದಾದವರು. ೧೯೧೬ರ ಆ ಎರಡು ತೀರ್ಪುಗಳನ್ನು ಒಂದೇ ದಿನ, ಒಂದೇ ತರಗತಿಯಲ್ಲಿ ಪಾಠಹೇಳುವಂತಾದರೆ, ಅವರು ತಮ್ಮ ಮನೆಯ ಕಾಗದಪತ್ರಗಳನ್ನು ಸಕಾಲದಲ್ಲಿ ಒಮ್ಮೆ ತೆಗೆದು ನೋಡಿಯಾರು. ಅಷ್ಟಾದರೂ ಈ ಲೇಖನದ ಶ್ರಮ ಸಾರ್ಥಕ.